ಅವ್ವನ ಏಳು ಕಲ್ಲಿನ ಮೂಗುಬೊಟ್ಟು

ವಜ್ರ ನುಂಗಿದರೆ ಸಾಯುತ್ತಾರೆ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಅದನ್ನು ಪರೀಕ್ಷಿಸುವ ಸರದಿ ನನಗೇ ಬರುತ್ತದೆಂದು, ಎಲ್ಲದಕ್ಕೂ ಮೊದಲೇ ಚಿಂತಿಸಿಟ್ಟುಕೊಳ್ಳುವ ನಾನೂ ಚಿಂತಿಸಿರಲಿಲ್ಲ.

ಗುಂಡ್ಲುಪೇಟೆಯ ನಮ್ಮ ಬೀದಿಗೆ ಕೇಬಲ್ ಟಿ.ವಿ. ಬಂದ ಹೊಸತು. ಮಗಳ ಮದುವೆ ಗೊತ್ತಾಗಿತ್ತು. ಅವ್ವ ತನ್ನ ಅಜ್ಜಿಯಿಂದ ಬಂದಿದ್ದ ವಜ್ರದ ಮೂಗುಬೊಟ್ಟನ್ನು ಮೊಮ್ಮಗಳ ಅಂಗೈಗಿಟ್ಟಳು. ಮೂಗು ಚುಚ್ಚಿಸಿಕೊಳ್ಳಲೊಲ್ಲದ ಮಗಳು, ಟಿ.ವಿ.ಯಲ್ಲಿ ಕಂಡಂಥ ಸಣ್ಣ ಪದಕ ಮಾಡಿಸಿಕೊಡಿ ಎಂದಳು. ಅವ್ವ "ಆಗ್ಲಿ ಕಣಮ್ಮಿ, ಮೂಗಲ್ಲಿಲ್ದಿದ್ರೆ ಕತ್ತಲ್ಲಿರ್ಲಿ. ಕಲ್ಲು ಮಾತ್ರ ಅವೇ ಇರ್ಬೇಕು," ಎಂದು ನನ್ನ ಕಡೆ ನೋಡಿದಳು.

ಆ ನೋಟಕ್ಕೇ ನನ್ನ ನಿದ್ದೆ ಕೆಟ್ಟಿತು. ಚಾಮರಾಜನಗರದ ಅಕ್ಕಸಾಲಿ ನಮಗೆ ಹಳಬ. ಆದರೂ ಒಡವೆ ಬಿಚ್ಚಿಸುವವರು ಕೆಲಸ ಮುಗಿಯುವ ತನಕ ಎದುರೇ ಕೂತಿರುವುದು ನಮ್ಮ ಕಡೆಯ ರೂಢಿ. ಅದಕ್ಕೂ ಮೊದಲು ಬಸ್ಸಿನ ಭಯ. ಜೇಬಿಗೆ ಕತ್ತರಿ ಬೀಳಬಹುದು, ಚೀಲ ಹಾರಿಸಬಹುದು. ಕೊನೆಗೆ ಹೆಂಡತಿ ಕಟ್ಟಿಕೊಟ್ಟ ಡಬ್ಬಿಯ ರಾಗಿಮುದ್ದೆಯೊಳಗೆ ಮೂಗುಬೊಟ್ಟನ್ನು ತುರುಕಿ, ಒದ್ದೆ ಕೈಯಲ್ಲಿ ಸವರಿದೆ. ತಿರುಪು ಮಾತ್ರ ಜೇಬಿನಲ್ಲಿತ್ತು. ತೆರಕಣಾಂಬಿ ದಾಟುವವರೆಗೂ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಅಕ್ಕಸಾಲಿ ಬೇರೆ ಯಾರದೋ ಓಲೆಯ ಕಲ್ಲು ಬಿಚ್ಚುತ್ತಿದ್ದ. ನೀವು ಊಟ ಮುಗಿಸಿ, ಆಮೇಲೆ ನಿಮ್ಮದೇ ಎಂದ. ಅವನ ಬೆರಳ ಸಂದಿಯಲ್ಲಿ ಏನಾದರೂ ಮಾಯವಾಗುತ್ತದೆಯೇ ಎಂದು ರೆಪ್ಪೆ ಬಡಿಯದೆ ನೋಡುತ್ತಾ, ಹುರುಳಿ ಸಾರಿನಲ್ಲಿ ಅದ್ದಿ ಅದ್ದಿ ಮುದ್ದೆ ಮುಗಿಸಿದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ.

ಅವನು ಕೈ ಚಾಚಿದ. "ಎಲ್ಲಿ, ಕೊಡಿ ಮೇಷ್ಟ್ರೇ."

ಡಬ್ಬಿ ನೋಡಿದೆ. ಹೊಟ್ಟೆ ತೋರಿಸಿದೆ. ಊಟ ಸಾಲಲಿಲ್ಲವೇನೋ ಎಂದುಕೊಂಡ ಅವನು, ವಿಷಯ ತಿಳಿದ ಮೇಲೆ ಇಕ್ಕಳ ಕೆಳಗಿಟ್ಟ.

"ನನ್ ಮೇಲೆ ಕಣ್ಣಿಟ್ಕಂಡು ನೀವೇ ನುಂಗ್ಬುಟ್ರಲ್ಲ ಸ್ವಾಮಿ."

ಸಾಯುತ್ತೇನೆಯೇ ಎಂದೆ.

"ಪುಡಿ ಮಾಡಿ ನುಂಗುದ್ರೆ ಅಂತಾರೆ. ಇದು ಇಡೀದು. ಆಸ್ಪತ್ರೆಗೆ ಓಗನ, ಏಳಿ."

ಎಕ್ಸ್‌ರೇಯಲ್ಲಿ ಅದು ತುಂಬೆಹೂವಿನಷ್ಟೇ ಕಾಣಿಸಿತು. ಬಾಳೆಹಣ್ಣು ತಿಂದು ಕಾಯಿರಿ ಎಂದರು ಡಾಕ್ಟರು. ಮನೆಯಲ್ಲಿ ಹೆಂಡತಿಗೆ ಮಾತ್ರ ಹೇಳಿದೆ. ಮೂರನೆಯ ದಿನದ ವಿವರ ಬೇಡ. ಏಳು ಕಲ್ಲೂ ಇದ್ದವು. ಅಕ್ಕಸಾಲಿ ಅಂಟುವಾಳದ ನೀರಿನಲ್ಲಿ ನಾಲ್ಕು ಸಲ ತೊಳೆದು ಕೆಲಸಕ್ಕೆ ಕೂತ. ಈ ಸಲ ನಾನು ಅವನಿಗೆ ಬೆನ್ನು ಹಾಕಿ ಬೀದಿ ನೋಡುತ್ತಿದ್ದೆ.

ಪದಕವನ್ನು ಅವ್ವ ಬಾಗಿಲ ಬೆಳಕಿಗೆ ಹಿಡಿದು, ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ, ಅವೇ ಎಂದಳು. ಆಮೇಲೆ ಎರಡೂ ಕಣ್ಣಿಗೆ ಒತ್ತಿಕೊಂಡಳು. ನನ್ನ ಕೈ ತಾನಾಗಿ ಮುಂದೆ ಹೋಯಿತು.

"ಯಾಕ್ಲಾ?"

ಇನ್ನೊಂದು ಸಲ ತೊಳೆಸೋಣವೇ ಎಂದೆ.

"ಇಂಗೇ ಚೆನ್ನಾಗದೆ ಬುಡು," ಎಂದು ಮತ್ತೊಮ್ಮೆ ಒತ್ತಿಕೊಂಡಳು.