ಮೊದಲ ಮಾತು ಫಕೀರಪ್ಪನಿಗೆ

ಬೆಳಗಿನ ಚಹಾದ ಬಸಿ ಅವರ ಕೈಯಿಂದ ಜಾರಿತು. ಬಿಸಿ ಚಹಾ ತೊಡೆಯ ಮೇಲೆ ಚೆಲ್ಲಿತು. ಅವರು ಕೂಗಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಸಣ್ಣ ಮುಳ್ಳು ಚುಚ್ಚಿದರೂ ಓಣಿಗೆಲ್ಲ ಕೇಳುವಂತೆ ಒದರುವ ಮನುಷ್ಯ ನನ್ನ ಗಂಡ.

ಬಾಯಿ ಎಡಕ್ಕೆ ಸೊಟ್ಟಗಾಗಿತ್ತು. ಬಲಗೈ ಜೋತುಬಿದ್ದಿತ್ತು.

ಪಕ್ಕದ ಮನೆಯ ಅಜ್ಜಿ ಲಕ್ವಾ ಎಂದಳು. ಬೆಳಗಾವಿಯ ಆಸ್ಪತ್ರೆಯಲ್ಲಿ ಅದಕ್ಕೆ ಸ್ಟ್ರೋಕ್ ಎಂದರು. ಬೈಲಹೊಂಗಲದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಅವರು ಇಪ್ಪತ್ತು ವರ್ಷ ಅರಳಿ ತೂಗುವ ಕೆಲಸ ಮಾಡಿದ್ದರು. ಅಲ್ಲಿಯ ಜೀಪಿನಲ್ಲೇ ಮಲಗಿಸಿಕೊಂಡು ಹೋಗಿದ್ದೆವು. ಹದಿನೆಂಟು ದಿನ ವಾರ್ಡಿನಲ್ಲಿದ್ದೆವು. ಸಲೈನ್, ಇಂಜೆಕ್ಷನ್, ಎರಡು ಹೊತ್ತು ಬಿ.ಪಿ. ನೋಡುವುದು. ಬೆಡ್‌ಪ್ಯಾನ್ ಹಿಡಿಯುವುದನ್ನು ನರ್ಸ್ ಒಂದು ಸಲ ತೋರಿಸಿದಳು, ಮುಂದೆ ಅದು ನನ್ನ ಕೆಲಸವಾಯಿತು.

ಡಿಸ್‌ಚಾರ್ಜ್ ದಿನ ಡಾಕ್ಟರು ನನ್ನನ್ನು ಕರೆದರು.

"ಕಾಲು ಸ್ವಲ್ಪ ಸ್ವಲ್ಪ ಬರ್ತಾವ್ರಿ. ಮಾತಿನ ಬಗ್ಗೆ ಈಗ ಹೇಳಾಕ ಆಗೂದಿಲ್ಲ. ಸುಮ್ಮನ ಬಿಡಬ್ಯಾಡ್ರಿ. ಹೆಸರು ಹಿಡಿದು ಕರೀರಿ, ಮಾತಾಡ್ಸ್ರಿ."

"ಆತ್ರಿ" ಎಂದೆ. ಆದರೆ ಗಂಡನ ಹೆಸರು ಹಿಡಿದು ಕರೆಯುವುದು ಹೇಗೆ? ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ದಿನಾ ಪೇಪರು ಓದುವವಳು. ಆದರೂ ಆ ಹೆಸರು ನನ್ನ ಬಾಯಿಂದ ಬಂದದ್ದು ಮದುವೆ ಮುಂಜಿವೆಗಳಲ್ಲಿ, ನಾಲ್ಕು ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒಡಪು ಹೇಳಿಸಿದಾಗ ಮಾತ್ರ. ಪ್ರಾಸ ಕೂಡಿಸಿ ಹೇಳುವ ಆ ಎರಡು ಸಾಲಿನಲ್ಲಿ ಹೆಸರು ಸೇರಿಸಿದರೆ ತಪ್ಪಲ್ಲ. ಹಾಗೇ ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅವ್ವ ಹೇಳಿಕೊಟ್ಟಿದ್ದಳು. ಇದ್ದ ಆಯುಷ್ಯವೇ ಅಲುಗಾಡುತ್ತಿರುವಾಗ ಅಷ್ಟು ಧೈರ್ಯ ನನಗೆಲ್ಲಿಂದ ಬರಬೇಕು?

"ಇಲ್ಲಿ ನೋಡ್ರಿ," "ಕೇಳಸ್ತೇನ್ರಿ," "ಗಂಜಿ ತಂದೇನ್ರಿ." ದಿನಕ್ಕೆ ನೂರು ಸಲ ಅಂದೆ. ಅವರು ತೊಲೆಯ ಕಡೆ ನೋಡುತ್ತಿದ್ದರು.

ಕಿತ್ತೂರಿಗೆ ಕೊಟ್ಟ ಮಗಳು ಹದಿನೈದು ದಿನ ಇದ್ದು ಹೋದಳು. ಆಮೇಲೆ ನಾವಿಬ್ಬರೇ. ಮಗ್ಗಲು ಬದಲಿಸುವುದು, ಮೈ ಒರೆಸುವುದು, ಎಣ್ಣೆ ತಿಕ್ಕುವುದು, ಬೆರಳು ಒಂದೊಂದಾಗಿ ಬಿಡಿಸುವುದು. ಇಷ್ಟು ವರ್ಷ ಅವರನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಇಷ್ಟು ಮಾಡುವವಳನ್ನು ಒಮ್ಮೆ ನೋಡಿ ಒಂದು ಮಾತು ಆಡಲಿ ಎಂದು ನಾನು ಕಾದೆ. ದೇವರಲ್ಲಿ ಬೇರೇನೂ ಕೇಳಲಿಲ್ಲ.

ಆಗ ಫಕೀರಪ್ಪ ಬರತೊಡಗಿದ.

ಇವರೂ ಅವನೂ ಸಂಪಗಾಂವದವರು, ಒಂದೇ ಸಾಲಿಯಲ್ಲಿ ಒಂದೇ ಚಾಪೆಯ ಮೇಲೆ ಕೂತವರು. ಇವರು ನೌಕರಿಗೆಂದು ಬೈಲಹೊಂಗಲಕ್ಕೆ ಬಂದರು, ಅವನು ಊರಲ್ಲೇ ಹೊಲ ಮಾಡಿಕೊಂಡು ಉಳಿದ. ಈಗ ಪ್ರತಿ ಸಂತೆಯ ದಿನ ಸೈಕಲ್ ತುಳಿದುಕೊಂಡು ಬಂದು, ಗೋಡೆಗೆ ಆನಿಸಿಟ್ಟು, ಬಾಗಿಲಲ್ಲೇ ಕೂಗುತ್ತಿದ್ದ.

"ಏ ಚನ್ಯಾ! ಇನ್ನೂ ಬಿದ್ದಿಯೇನೋ?"

ಮೊದಲ ಸಲ ಕೂಗಿದಾಗಲೇ ಇವರ ಕಣ್ಣು ತೊಲೆಯಿಂದ ಇಳಿದು ಬಾಗಿಲಿಗೆ ಹೋಯಿತು.

ನಾನು ಗಂಜಿ ತಟ್ಟೆ ಹಿಡಿದು ನಿಂತಿದ್ದೆ. ಹೆಸರು ಕರೆಯುವ ಹಕ್ಕು ಅವನಿಗೆ ಯಾರು ಕೊಟ್ಟರು? ಅದೂ ಅರ್ಧಕ್ಕೆ ಮುರಿದು! ಹೊಟ್ಟೆಯಲ್ಲಿ ಬೆಂಕಿ ಹತ್ತಿದ ಹಾಗಾಯಿತು. ಮುಚ್ಚಿಟ್ಟು ಏನು ಮಾಡಲಿ, ಅದು ಹೊಟ್ಟೆಕಿಚ್ಚೇ.

ಅವನು ಔಷಧಿಯ ಮಾತು ಎತ್ತುತ್ತಿರಲಿಲ್ಲ. ಊರ ಸುದ್ದಿ ಬಿಚ್ಚುತ್ತಿದ್ದ.

"ಹೈಬ್ರಿಡ್ ಜೋಳ ಬಿತ್ತೇನಪಾ. ಚೀಲ ತುಂಬ್ತಾವ, ರೊಟ್ಟಿ ಆಗವಲ್ವು. ಬಡದ್ರ ಹರೀತಾವ. ನಮ್ಮಾಕಿ ಜೋಳಕ್ಕ ಬೈಯೂದು ಬಿಟ್ಟು ನನಗ ಬೈತಾಳ. ಊರಾಗ ಬೆಲ್‌ಬಾಟಮ್ ಬಂದೈತಿ, ನೋಡಬೇಕ ನೀ. ಒಂದು ಕಾಲಿನ ಅರಿವ್ಯಾಗ ನಮ್ಮಿಬ್ಬರಿಗೂ ಅಂಗಿ ಆಗತಿದ್ವು!"

ನಾನು ಅಡಿಗೆ ಮನೆಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಗಂಡಸರು ಮಾತಾಡುವಲ್ಲಿ ಹೋಗಿ ಕೂಡುವುದು ನಮ್ಮಲ್ಲಿಲ್ಲ. ಇಷ್ಟು ವರ್ಷ ಇವರು ಹೊರಗೆ ಏನು ಮಾತಾಡುತ್ತಿದ್ದರು, ಯಾತಕ್ಕೆ ನಗುತ್ತಿದ್ದರು ಎಂಬುದೇ ನನಗೆ ತಿಳಿದಿರಲಿಲ್ಲ. ಮನೆಯೊಳಗೆ ಬಂದ ಮೇಲೆ ಉಪ್ಪು ಕಡಿಮೆ, ಸಾರು ತೆಳುವು, ಅಷ್ಟೇ. ಒಳ್ಳೆಯ ಮಾತೆಲ್ಲ ಕಟ್ಟೆಯ ಮೇಲೇ ಖರ್ಚಾಗಿರಬೇಕು.

ಮೂರು ತಿಂಗಳಾದ ಮೇಲೆ ಒಂದು ಸಂತೆಯ ದಿನ ಫಕೀರಪ್ಪ ಹೇಳುತ್ತಿದ್ದ: "ಮನೋಳಿ ಹೊಳಿ ದಂಡಿ ತುಂಬಿ ಹರಿಯೂವಾಗ ನಿನ್ನ ಬೆನ್ನ ಮ್ಯಾಲ ಹೊತ್ತು ಈಸಿ ದಾಟಿದ್ನೆಲ್ಲೊ, ನೆನಪೈತಿ?"

"ಸು... ಳ್ಳ."

ನನ್ನ ಕೈಯ ಲಟ್ಟಣಿಗೆ ಅಲ್ಲೇ ನಿಂತಿತು.

"ವೈನೀ, ಓಡಿ ಬರ್ರಿ! ಮಾತಾಡಿದ ಮಗಾ!" ಫಕೀರಪ್ಪ ಅಳುತ್ತಿದ್ದ. ನಾನೂ ಅತ್ತೆ. ಅವನದು ಸಂತೋಷದ ಅಳು. ನನ್ನದು ಅರ್ಧ ಮಾತ್ರ ಸಂತೋಷದ್ದು. ಹೇಲು ಉಚ್ಚೆ ಬಳಿದವಳು ನಾನು, ಮೊದಲ ಮಾತು ವಾರಕ್ಕೊಮ್ಮೆ ಬಂದು ಸುಳ್ಳು ಹೇಳಿ ಹೋಗುವವನಿಗೆ.

ಮುಂದಿನ ಸಂತೆಯ ದಿನ ಸೈಕಲ್ ಬಂದ ಸಪ್ಪಳ ಕೇಳಿ ನಾನೇ ಬಾಗಿಲಿಗೆ ಹೋದೆ.

"ಮಲಗ್ಯಾರ. ಎಬ್ಬಿಸಬಾರದಂತ ಡಾಕ್ಟರ್ ಹೇಳ್ಯಾರ."

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ತಂದಿದ್ದ ಹಸಿ ಕಡಲೆಗಿಡದ ಕಟ್ಟನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದ.

ಒಳಗೆ ಬಂದೆ. ಇವರು ಎಚ್ಚರವಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

ಗೋಡೆಯ ಕಡೆ ಮುಖ ತಿರುಗಿಸಿದರು.

ಅಂದು ನನ್ನ ಕೈಯಿಂದ ಗಂಜಿ ಕುಡಿಯಲಿಲ್ಲ. ಮರುದಿನವೂ ಇಲ್ಲ. ಚಮಚ ಮುಟ್ಟಿಸಿದರೆ ತುಟಿ ಬಿಗಿಯುತ್ತಿದ್ದರು. ಮೂರನೆಯ ದಿನ ಗುಳಿಗೆಯನ್ನೂ ಉಗುಳಿದರು. ಪಾಪ ಯಾರದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಪಕ್ಕದ ಅಜ್ಜಿಯನ್ನು ಅವರ ಹತ್ತಿರ ಕೂಡಿಸಿ, ಸಂಪಗಾಂವದ ಬಸ್ ಹತ್ತಿದೆ.

ಫಕೀರಪ್ಪ ಕಣದಲ್ಲಿದ್ದ. "ಅವತ್ತು ಅವರು ಮಲಗಿರಲಿಲ್ಲ ಅಣ್ಣಾ," ಎಂದೆ.

"ಗೊತ್ತೈತ್ರಿ ವೈನಿ. ಅವನ ಕೆಮ್ಮು ಕೇಳಿಸ್ತು."

"ಮತ್ತ ಯಾಕ ಹೊಳ್ಳಿ ಹೋದ್ರಿ?"

ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ನೀವು ಲಗ್ನಾಗಿ ಬಂದ ವರ್ಷ ನಾನೂ ಹಿಂಗ ಉರಕೊಂಡಿದ್ದೆ. ದಿನಾ ಊರ ಕಟ್ಟಿ ಮ್ಯಾಲ ಬರಾಂವ ಚನ್ಯಾ ಬರೂದು ಬಿಟ್ಟ. ಆಮ್ಯಾಲ ಊರೂ ಬಿಟ್ಟ. ವರ್ಷಾನಗಟ್ಟಲೆ ನಿಮ್ಮನ್ನ ಮನಸಿನ್ಯಾಗ ಬೈಕೊಂತ ಇದ್ದೆ. ನಿಮಗ ಸಿಟ್ಟು ಬರೂದು ನನಗ ತಿಳೀತೈತ್ರಿ."

ಮದುವೆಯ ಹೊಸದರಲ್ಲಿ ಇವರು ನನಗಾಗಿ ಕಟ್ಟೆಗೆ ಹೋಗುವುದನ್ನು ಬಿಟ್ಟಿದ್ದರೇ? ಆ ಸುದ್ದಿ ನನಗೆ ಇಷ್ಟು ವರ್ಷದ ಮೇಲೆ, ಕಣದಲ್ಲಿ ನಿಂತು, ಇವನ ಬಾಯಿಂದ ತಿಳಿಯಬೇಕಾಯಿತು. ಅವನು ಅಲ್ಲಿಂದಲೇ ನನ್ನ ಜೊತೆ ಬಸ್ಸಿಗೆ ಬಂದ. ಡಾಕ್ಟರು ಹೇಳಿದ್ದನ್ನು ದಾರಿಯಲ್ಲಿ ಅವನಿಗೆ ಹೇಳಿದೆ.

ಮನೆಯಲ್ಲಿ ಇವರು ಅವನ ಕೈಯಿಂದ ಗಂಜಿ ಕುಡಿದರು. ನಾನು ಅಡಿಗೆ ಮನೆಗೆ ಎದ್ದೆ.

"ಎಲ್ಲಿ ಹೊಂಟ್ರಿ? ಕುಂದರ್ರಿ ಇಲ್ಲೇ," ಎಂದ ಫಕೀರಪ್ಪ. "ಹೆಸರು ಹಿಡಿದು ಕರೀರಿ ಅಂದಿದ್ರಂತ ಡಾಕ್ಟರು? ಒಡಪಿನ್ಯಾಗರ ಹೇಳ್ರಿ."

ನಾಚಿಕೆಯಾಯಿತು. ಆದರೂ ಹೇಳಿದೆ.

"ಕರಿ ಎರಿಹೊಲದಾಗ ಬಿಳಿ ಅರಳಿ,
ಚನ್ನಬಸಪ್ಪ ಎದ್ದು ಬರಲಿ ಮರಳಿ."

ಇವರು ನಕ್ಕರು. ಸೊಟ್ಟ ಬಾಯಿಯ ನಗೆ, ಗಂಟಲಿನಿಂದ ಬಂದ ನಗೆ. ಆದರೆ ನೋಡಿದ್ದು ಫಕೀರಪ್ಪನ ಕಡೆ.

ಅಂದಿನಿಂದ ಸಂತೆಯ ದಿನ ನಾನೂ ಅಕ್ಕಿ ಆರಿಸುತ್ತ ಅಲ್ಲೇ ಕೂಡುತ್ತೇನೆ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುವಷ್ಟಾಗಿದೆ ಅವರಿಗೆ. ಬಲಗೈ ಬಂದಿಲ್ಲ, ಬರಲಿಕ್ಕಿಲ್ಲ. ಫಕೀರಪ್ಪನ ಹೊಳೆಯ ಕಥೆಗೆ ನಾನೂ ನಗುತ್ತೇನೆ. ಹೊಟ್ಟೆಕಿಚ್ಚು ಹೋಗಿದೆ ಎಂದರೆ ಅದು ಅವನ ಈಜಿಗಿಂತ ದೊಡ್ಡ ಸುಳ್ಳಾದೀತು.

ಹೋದ ವಾರ, ಸಂತೆಯ ದಿನ ಬೆಳಿಗ್ಗೆ, ಬಿಸಿನೀರಿನ ಅರಿವೆಯಿಂದ ಅವರ ಮುಖ ಒರೆಸುತ್ತಿದ್ದೆ. ನನ್ನ ಕೈ ಹಿಡಿದರು. ನೇರ ನನ್ನ ಕಣ್ಣು ನೋಡಿದರು. ತುಟಿ ಅಲುಗಿತು. ಕಾದೆ.

"ಫಕೀ... ರ... ಬಂದ್ನ?"

ಕಾಯಿಲೆ ಬಿದ್ದ ಮೇಲೆ ನನಗೆಂದೇ ಆಡಿದ ಮೊದಲ ಮಾತು. ಅದರಲ್ಲೂ ಅವನೇ!

ಅಳು ಬಂತು, ಅದಕ್ಕಿಂತ ಮೊದಲು ನಗು ಬಂತು. ಅರಿವೆ ತಂಬಿಗೆಯಲ್ಲಿ ಬಿಟ್ಟು ಹಾಸಿಗೆಯ ಅಂಚಿಗೆ ಕೂತೆ.

"ಇನ್ನೂ ಇಲ್ರಿ, ಹತ್ತಕ್ಕ ಬರ್ತಾನ," ಎಂದೆ. "ಅಲ್ಲೀತನಕಾ ನನ್ನ ಜೋಡಿ ಮಾತಾಡ್ರಿ."