ಬೆರಳ ಬೆನ್ನಿನ ಗೋದಾವರಿ ಸಿಸ್ಟರ್

ಗೋದಾವರಿ ಸಿಸ್ಟರ್ ರೋಗಿಗಳನ್ನು ಅಂಗೈಯಿಂದ ಮುಟ್ಟುತ್ತಿದ್ದುದು ಕಡಿಮೆ. ಬೆರಳು ಮಡಚಿ, ಅವುಗಳ ಬೆನ್ನು ತಾಗಿಸುತ್ತಿದ್ದರು. ಆಪರೇಷನ್ ಮುಗಿದು ರೋಗಿಯನ್ನು ಮೇಜಿನಿಂದ ಸ್ಟ್ರೆಚರಿಗೆ ದಾಟಿಸಿದ ಕೂಡಲೇ ಅವರ ಕೆಲಸ ಶುರುವಾಗುತ್ತಿತ್ತು. ತಲೆಯ ಹಿಂಭಾಗ, ಭುಜದ ಎಲುಬು, ಮೊಣಕೈ, ಸೊಂಟ, ಹಿಮ್ಮಡಿ, ಹೀಗೆ ಎಲುಬು ಚರ್ಮಕ್ಕೆ ಹತ್ತಿರವಿದ್ದಲ್ಲೆಲ್ಲ ಆ ಬೆರಳು ಹೋಗಿ ನಿಲ್ಲುತ್ತಿದ್ದವು.

"ಮೇಜು ಒತ್ತಿದ ಜಾಗ ಕೆಂಪಗಾಗ್ತದ ಅಂತ ಪುಸ್ತಕದಾಗ ಬರದಾರ. ನಮ್ಮ ಮಂದಿ ಮೈ ಕರಿದು, ಕೆಂಪು ಎಲ್ಲಿಂದ ಕಾಣ್ಬೇಕು? ಕಣ್ಣ ನಂಬಬ್ಯಾಡ. ಆ ಜಾಗ ಬಿಸಿ ಇರ್ತದ. ಬೆರಳ ಬೆನ್ನಿಗೆ ತಿಳೀತದ" ಎನ್ನುತ್ತಿದ್ದರು.

ಅವರು ನನಗೆ ಗುರುವಾಗಿದ್ದು ಆಮೇಲೆ. ಮೊದಲು ಗೊತ್ತಿದ್ದದ್ದು, ಕಮಲಾಪುರದ ನಮ್ಮ ಮನೆಗೆ ತಾವಾಗಿಯೇ ಬಂದು ಬೈಸಿಕೊಂಡು ಹೋಗುವ ಹೆಂಗಸಾಗಿ.

ಅಪ್ಪ ಸತ್ತ ಮೇಲೆ ಅವ್ವ ಜೋಳದ ರೊಟ್ಟಿ ಬಡಿದು ಕಲಬುರಗಿಯ ಖಾನಾವಳಿಗಳಿಗೆ ಕಳಿಸುತ್ತಿದ್ದಳು. ನನ್ನ ಕಾಲೇಜು ಆ ರೊಟ್ಟಿಯ ಮೇಲೆ ನಡೆದಿತ್ತು. ಗರ್ಭಕೋಶದ ಆಪರೇಷನ್‌ಗೆಂದು ಅವ್ವ ಶಹರದ ಆಸ್ಪತ್ರೆ ಸೇರಿದಳು. ಬೆಳಿಗ್ಗೆ ಹಿಡಿದದ್ದು ಮಧ್ಯಾಹ್ನ ದಾಟಿತು. ಎಚ್ಚರವಾದಾಗ ಹೊಟ್ಟೆ ನೆಟ್ಟಗಿತ್ತು, ಬಲಗೈಯ ಕೊನೆಯ ಎರಡು ಬೆರಳು ಸತ್ತಿದ್ದವು. ರೊಟ್ಟಿ ತಿರುಗಿಸಿ ಅಂಚು ತಿದ್ದುವ ಬೆರಳುಗಳು ಅವು. "ಬರ್ತದ ಬಿಡ್ರಿ, ತಡ ಆಗ್ತದ" ಎಂದು ಹೇಳಿ ಮನೆಗೆ ಕಳಿಸಿದರು.

ಕೆಲವು ದಿನಗಳಲ್ಲಿ ಬಸ್ಸಿಳಿದು ಮನೆ ಹುಡುಕಿಕೊಂಡು ಬಂದವರು ಗೋದಾವರಿ ಸಿಸ್ಟರ್. ಹೊಸ್ತಿಲ ಹೊರಗೇ ಕೂತರು.

"ಆಪರೇಷನ್ ಮೇಜಿಗೆ ಕೈ ಚಾಚಿ ಇಡೋ ಕಬ್ಬಿಣದ ಹಲಗಿ ಅದಲ್ರಿ, ಅದರ ಮ್ಯಾಲಿನ ಗಾದಿ ಹೊಲಿದಾಕಿ ನಾನು. ಹಳೇದು ಹರಿದಿತ್ತು. ಮೆತ್ತಗಿದ್ರ ಸಾಕು ಅಂತ ಹತ್ತಿ ತುಂಬಿ ಹೊಲಿದೆ. ತಾಸು ಕಳಿಯೂತನ ಹತ್ತಿ ಕುಸೀತು. ನಿಮ್ಮ ಮೊಣಕೈ ಕಬ್ಬಿಣದ ಮ್ಯಾಲೇ ಇತ್ತು. ಅಲ್ಲೇ ಒಂದು ನರ ಅದ, ಅದು ಜಜ್ಜಿತು."

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ಹೇಳಿದ್ರ ಆಯ್ತೇನು? ರೊಟ್ಟಿ ನೀ ಬಡೀತಿಯೇನವಾ?"

"ಬಡೀತೀನ್ರಿ."

ಒಳಗೆ ಬಂದು ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತೇಬಿಟ್ಟರು. ಅವರು ಬಡಿದ ಮೊದಲ ರೊಟ್ಟಿಯನ್ನು ಅವ್ವ ಬೆಳಕಿಗೆ ಎತ್ತಿ ಹಿಡಿದಳು. "ಇದು ರೊಟ್ಟಿನೋ, ಬೀದರ್ ಜಿಲ್ಲಾದ ನಕಾಶೆನೋ?"

ಆಮೇಲೆ ರಜೆ ಸಿಕ್ಕಾಗಲೆಲ್ಲ ಬರುತ್ತಿದ್ದರು. ರೊಟ್ಟಿ ಕೊನೆಯವರೆಗೂ ನೆಟ್ಟಗಾಗಲಿಲ್ಲ. ಹೊರಡುವ ಮುಂಚೆ ಅವ್ವನ ಆ ಎರಡು ಬೆರಳಿಗೆ ತಮ್ಮ ಬೆರಳ ಬೆನ್ನು ತಾಗಿಸಿ ಕೇಳುತ್ತಿದ್ದರು, "ತಿಳೀತದೇನ್ರಿ?"

"ಇಲ್ಲ."

ಈ ಒಂದು ಮಾತಿಗಾಗಿ ಅಷ್ಟು ದೂರ ಬಂದು ಹೋಗುತ್ತಿದ್ದರು.

ನಮ್ಮ ಎರಡೂ ಕಡೆಯ ಬಳಗದಲ್ಲಿ ಡಿಗ್ರಿ ಪಡೆದ ಮೊದಲಿಗಳು ನಾನು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಹೊಟ್ಟೆ ಕಟ್ಟಿ ಓದಿದ್ದೇನೆ. ಆಪರೇಷನ್ ಥಿಯೇಟರಿನ ಕೋರ್ಸೇ ಓದಬೇಕೆಂದು ಹಟ ಹಿಡಿದದ್ದೂ ನಾನೇ. ಮುಗಿಸಿ ಸಿಸ್ಟರ್ ಇದ್ದ ಥಿಯೇಟರಿಗೇ ಕೆಲಸಕ್ಕೆ ಸೇರಿದೆ. ಮೊದಲ ದಿನ ಖಾಲಿ ಮೇಜು ತೋರಿಸಿ "ಮಲಗು" ಎಂದರು. ಕೈ ಚಾಚಿಸಿ ಪಟ್ಟಿ ಬಿಗಿದು, ಗಡಿಯಾರ ನೋಡಿ ಹೊರಗೆ ಹೋದರು. ಬೆನ್ನು ಉರಿಯಿತು, ಹಿಮ್ಮಡಿ ಸಿಡಿಯಿತು. ಅವರು ಬರುವಷ್ಟರಲ್ಲಿ ನಾನು ಸೊಂಟ ಸರಿಸಿದ್ದೆ.

"ನೋವಾಯ್ತು, ಸರಿಸಿದಿ. ಹೌದಿಲ್ಲೋ? ಮದ್ದು ಕೊಟ್ಟು ಮಲಗಿಸಿದವರು ಸರಿಸಂಗಿಲ್ಲ. ಅವರ ಬದಲಿ ನಮಗ ನೋಯಬೇಕು."

ಅಷ್ಟರಲ್ಲಿ ಹೊಸ ಗಾದಿಯ ಹುಚ್ಚು ಅವರಿಗೆ ಪೂರ್ತಿ ಹತ್ತಿತ್ತು. ಕಂಪನಿಯ ಗಾದಿಗಳು ಬಂದಿದ್ದವು, ಆದರೆ ಅವು ಮೈತುಂಬ ಮಾಂಸವಿದ್ದವರ ಅಳತೆಯವು. ನಮ್ಮ ಮೇಜಿಗೆ ಬರುವವರು ಬರೀ ಎಲುಬಿನ ದುಡಿಯುವ ಮಂದಿ. ಡ್ಯೂಟಿ ಮುಗಿಸಿ ಇಬ್ಬರೂ ಖೂಬಾ ಪ್ಲಾಟಿನ ಕಡೆ ಮೋಟಾರು ಸೀಟು ಹೊಲಿಯುವ ಅಂಗಡಿಗೆ ಹೋಗುತ್ತಿದ್ದೆವು. ಕೆಳಗೆ ಗಟ್ಟಿ ಸ್ಪಂಜು, ಮೇಲೆ ಮೆತ್ತನೆಯದು. ಮೊಣಕೈಯ ಗುಬುಟು ಎಲುಬು ಏನಕ್ಕೂ ತಾಗದಂತೆ ನಡುವೆ ಒಂದು ತಗ್ಗು. ಹೊಲಿಗೆ ಮೈಗೆ ಒತ್ತದಂತೆ ಪಕ್ಕಕ್ಕೆ. ಅಂಗಡಿಯವನು ಅಂದಕ್ಕೆಂದು ಅಂಚಿಗೆ ಹುರಿ ಕೊಟ್ಟು ಹೊಲಿದಾಗ ಸಿಸ್ಟರ್ ಅಲ್ಲೇ ಬಿಚ್ಚಿಸಿದರು. "ಇದು ಮದುಮಗನ ಕಾರಲ್ಲೋ ಭಾಯಿ!"

ತಗ್ಗಿನ ಅಳತೆ ಬೇಕಾದಾಗ ಕಮಲಾಪುರಕ್ಕೆ ಬಂದರು. ಅವ್ವ ಉರಿದುಬಿದ್ದಳು.

"ನನ್ನ ಕೈ ಕೆಡಿಸಿ, ಈಗ ಅಳತಿಗೂ ನನ್ನ ಕೈನೇ ಬೇಕಾಯ್ತೇನು?"

"ಹೌದ್ರಿ. ಬ್ಯಾರೆ ಯಾರ ಕೈ ಕೇಳ್ಲಿ?"

ಅವ್ವ ಚಾಪೆಯ ಮೇಲೆ ಮಲಗಿ ಮುಖ ಗೋಡೆಗೆ ತಿರುಗಿಸಿ, ಕೈ ಚಾಚಿದಳು.

ಡಾಕ್ಟರು ನೋಡಿ ಒಪ್ಪಿದರು. ನಮ್ಮ ಥಿಯೇಟರಿನಲ್ಲಿ ಇಂದಿಗೂ ಆ ಅಳತೆಯ ಗಾದಿಗಳೇ ಇವೆ. ಅವ್ವನ ಕೈಯಂತೆ ಕೆಟ್ಟ ಇನ್ನೊಂದು ಕೈ ನಾನು ಅಲ್ಲಿ ನೋಡಿಲ್ಲ.

ನಿವೃತ್ತಿಯಾಗಿ ವರ್ಷ ತುಂಬುವ ಮೊದಲೇ ಸಿಸ್ಟರ್ ಅವರ ಹೊಟ್ಟೆಯಲ್ಲಿ ಗಡ್ಡೆ ಎಂದರು ಡಾಕ್ಟರು. ಅದೇ ಥಿಯೇಟರು, ಅದೇ ಮೇಜು. ಮಲಗಿಸಿದವಳು ನಾನು. ಅವರ ಮೈಯಲ್ಲೂ ಎಲುಬು ಬಿಟ್ಟು ಏನೂ ಉಳಿದಿರಲಿಲ್ಲ.

"ಮೊಣಕೈ ಕೆಳಗ ನಿನ್ನ ಬೆರಳು ಆಡ್ತದೇನು ನೋಡು."

"ಆಡ್ತದ್ರಿ."

"ಹಿಮ್ಮಡಿ?"

"ಎತ್ತಿಟ್ಟೀನ್ರಿ."

ಮುಖದ ಮೇಲೆ ಮಾಸ್ಕ್ ಬರುವಾಗ ಕೇಳಿದರು, "ನಿಮ್ಮವ್ವನ ಬೆರಳು?"

ಸುಳ್ಳು ಹೇಳಬಹುದಿತ್ತು. "ಹಂಗೇ ಅದಾವ್ರಿ" ಎಂದೆ. ಕಣ್ಣು ಮುಚ್ಚಿದರು. ನಮ್ಮ ನಡುವೆ ಅದೇ ಕೊನೆಯ ಮಾತು.

ಸಂಜೆಯವರೆಗೆ ನಡೆಯಿತು. ಸ್ಟ್ರೆಚರಿಗೆ ದಾಟಿಸಿದ ಮೇಲೆ ಎಲ್ಲ ಕಡೆ ಬೆರಳ ಬೆನ್ನು ಇಟ್ಟು ನೋಡಿದೆ. ಎಲ್ಲೂ ಬಿಸಿ ಇರಲಿಲ್ಲ. ನಮ್ಮ ಗಾದಿ ತನ್ನ ಕೆಲಸ ಮಾಡಿತ್ತು. ಗಡ್ಡೆಯ ಮುಂದೆ ಅದರದೇನೂ ನಡೆಯಲಿಲ್ಲ. ವಾರದೊಳಗೆ ಐಸಿಯುನಲ್ಲಿ ತೀರಿಕೊಂಡರು.

ಬ್ರಹ್ಮಪುರದ ಅವರ ಮನೆಗೆ ಅವ್ವ ಕಮಲಾಪುರದಿಂದ ಬಂದಳು. ಮೈ ತೊಳೆಯಲು ಹೆಂಗಸರು ಕೂಡಿದರು. ಮಗ್ಗುಲಿಗೆ ಹೊರಳಿಸಿದಾಗ ನನ್ನ ಕೈ ತಾನಾಗಿಯೇ ಹೋಯಿತು. ಭುಜ, ಮೊಣಕೈ, ಸೊಂಟ, ಹಿಮ್ಮಡಿ.

"ಬಿಸಿ ಅದ ಏನು?" ಅವ್ವ ಕೇಳಿದಳು. ಇಷ್ಟು ವರ್ಷ ನಮ್ಮ ಮಾತು ಕೇಳಿ ಅವಳಿಗೂ ಗೊತ್ತಿತ್ತು.

"ಇಲ್ಲವ್ವಾ. ಎಲ್ಲೂ ಇಲ್ಲ."

ಅವ್ವ ಚೊಂಬು ಕೆಳಗಿಟ್ಟಳು. ಬಲಗೈಯ ಆ ಎರಡು ಬೆರಳನ್ನು ಮಡಚಿ, ಅವುಗಳ ಬೆನ್ನನ್ನು ಸಿಸ್ಟರ್ ಹಣೆಗೆ ತಾಗಿಸಿದಳು.

"ನನ್ನ ಈ ಎರಡಕ್ಕ ಈಕಿ ತಣ್ಣಗಾಗಿದ್ದೂ ತಿಳೀವಲ್ದು ನೋಡು" ಎಂದಳು.

ನೀರು ಆರುತ್ತದೆ ಎಂದು ಯಾರೋ ಅಂದರು. ಅವ್ವ ಬೆರಳು ತೆಗೆಯಲಿಲ್ಲ.