ಬಂಡಿದಾರಿಯ ಮೇಲೆ ನಾನು ಬರೆದ ಲೇಖನ

ಗೆಳೆಯರೇ, ನಾನು ಬರೆದದ್ದನ್ನು ಯಾರೂ ಓದುವುದಿಲ್ಲ ಎಂದು ಕೊರಗುತ್ತಿದ್ದೆನಲ್ಲ, ಇವತ್ತು ಒಬ್ಬರು ಓದಿಕೊಂಡು ಬೆಳವಣಕಿಯ ನಮ್ಮ ಮನೆಗೇ ಬಂದರು.

ಕಾನೂನು ವಿದ್ಯಾರ್ಥಿಗಳೇ ನಡೆಸುವ ನಮ್ಮ ಬ್ಲಾಗಿಗೆ ಕಳೆದ ವಾರ ಪುಟ್ಟ ಲೇಖನವೊಂದನ್ನು ಬರೆದಿದ್ದೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಜನ ತಮ್ಮ ಹಕ್ಕೆಂದು ಅಡ್ಡಿಯಿಲ್ಲದೆ ಓಡಾಡಿದ ಬಂಡಿದಾರಿಯನ್ನು ಹೊಲದ ಮಾಲೀಕ ಮುಚ್ಚುವಂತಿಲ್ಲ ಎಂದು. ಹೆಮ್ಮೆಯಿಂದ ವಾಟ್ಸಾಪ್ ಸ್ಟೇಟಸ್‌ಗೂ ಹಾಕಿದ್ದೆ. ಅದನ್ನು ನೋಡಿದ ಪಕ್ಕದ ಹೊಲದ ಕಲ್ಲಪ್ಪ ಕಾಕಾ ಬೆಳಿಗ್ಗೆ ಬಂದು ಅಪ್ಪನ ಮುಂದೆ ಮೊಬೈಲು ಹಿಡಿದರು.

"ಅಣ್ಣಾ, ನಿಮ್ಮ ಮಗಳ ಭಾಳ ಚಲೋ ಬರದಾಳ್ರಿ. ಓದ್ರಿ."

ನಮ್ಮ ಹೊಲದೊಳಗಿಂದ ಕಾಕಾನ ಹೊಲಕ್ಕೆ ಹೋಗುವ ಬಂಡಿದಾರಿಗೆ ಜಾಲಿಮುಳ್ಳಿನ ಬೇಲಿ ಹಾಕಿದವರು ನಮ್ಮಪ್ಪನೇ. ನಿನ್ನೆಯಷ್ಟೇ ಹಾಸ್ಟೆಲಿನಿಂದ ಬಂದ ನನಗದು ಗೊತ್ತಿರಲಿಲ್ಲ.

ಅಪ್ಪ ಪೂರ್ತಿ ಓದಿ ನನ್ನತ್ತ ತಿರುಗಿದರು. "ಇದು ಖರೇನೇನು?"

"ಒಂದೊಂದು ಕೇಸಿನ ಸಂಗತಿ ಬ್ಯಾರೆ ಬ್ಯಾರೆ ಇರ್ತಾವಪ್ಪಾ..." ಎಂದು ನುಣುಚಿಕೊಳ್ಳಲು ನೋಡಿದೆ.

"ನಮ್ಮಪ್ಪನ ಕಾಲದಿಂದ ಅಲ್ಲೇ ಅಡ್ಡಾಡೀವಿ ಯವ್ವಾ," ಎಂದರು ಕಾಕಾ. "ಈಗ ಬಿತ್ತಾಕ ಕೂರಿಗಿ ಎಲ್ಲಿಂದ ಒಯ್ಯಲಿ?"

ನಾನು ಅಪ್ಪನತ್ತ ತಿರುಗಿದೆ. "ಖರೇ ಐತಪ್ಪಾ," ಎಂದೆ.

ಅಪ್ಪ ಬೈಯಲಿಲ್ಲ. "ಹಂಗಾರ ನೀನ ಬಾ, ಬೇಲಿ ಕೀಳು," ಎಂದು ಹೊಲಕ್ಕೆ ಕರೆದೊಯ್ದರು. ಮಧ್ಯಾಹ್ನದವರೆಗೂ ಮುಳ್ಳು ಕಿತ್ತೆ. ಕಾಕಾನ ಎತ್ತುಗಳು ನನ್ನನ್ನು ದಾಟಿಕೊಂಡು ಹೋದವು.

ಇನ್ನೊಂದು ಲೇಖನ ಬೇಗ ಕಳಿಸು ಎಂದು ಈಗ ಬ್ಲಾಗಿನ ಸಂಪಾದಕಿ ಕೇಳುತ್ತಿದ್ದಾಳೆ. ಈ ಸಲ ಕಡಲ ಗಡಿಯ ಕಾನೂನಿನ ಬಗ್ಗೆ ಬರೆಯುತ್ತೇನೆ. ನಮ್ಮಪ್ಪನಿಗೆ ಸಮುದ್ರದಲ್ಲಿ ಹೊಲವಿಲ್ಲ.